ಅಟ್ಟದ ಮೇಲಿನ ನೆಂಟರು

ನಮ್ಮತ್ತೆಯ ಅಟ್ಟದ ಮೇಲೆ ನೆಂಟರೆಲ್ಲ ಮಡಕೆಗಳಲ್ಲಿ ಕೂತಿರುತ್ತಿದ್ದರು. ಮದುವೆಯಾಗಿ ನಾಗಮಂಗಲ ತಾಲ್ಲೂಕಿನ ಆ ಊರಿಗೆ ಬಂದ ಹೊಸದರಲ್ಲಿ ಒಂದು ದಿನ ಅತ್ತೆ ನನ್ನನ್ನು ಏಣಿ ಹತ್ತಿಸಿ, ಸೋದರತ್ತೆ ಕುಂಬಳದ ಪಕ್ಕದಲ್ಲಿ ಮೂಲೆಮನೆ ಅಕ್ಕನ ಹುಚ್ಚೆಳ್ಳಿದೆ, ಅದನ್ನು ಇಳಿಸು ಎಂದರು. ನಾನು ಮೇಲಿಂದ ಕಣ್ಣು ಕಣ್ಣು ಬಿಟ್ಟೆ. ಅಲ್ಲಿದ್ದದ್ದು ಮಸಿ ಹಿಡಿದ ಮಡಕೆಗಳ ಸಾಲು, ಒಂದರ ಮೇಲೂ ಒಂದು ಗುರುತಿಲ್ಲ. ಯಾರ ಅತ್ತೆ, ಯಾವ ಅಕ್ಕ ಎಂದು ಕೇಳಿದ್ದಕ್ಕೆ ಕೆಳಗಿನಿಂದ ಒಂದು ವಂಶಾವಳಿಯೇ ಶುರುವಾಯಿತು.

ಬೀಜಕ್ಕೆ ಅದನ್ನು ಕೊಟ್ಟವರ ಹೆಸರು. ಅದು ಅತ್ತೆ ನಡೆಸಿಕೊಂಡು ಬಂದಿದ್ದ ಕಟ್ಟಳೆ. ಅವರೊಬ್ಬರದೇ ಅಲ್ಲ, ಮಳೆ ನಂಬಿ ಬದುಕುವ ಆ ಕಡೆಯ ಎಷ್ಟೋ ಹೆಂಗಸರದು. ಬೀಜವನ್ನು ಯಾರೂ ಮಾರುತ್ತಿರಲಿಲ್ಲ, ಕೊಳ್ಳುತ್ತಲೂ ಇರಲಿಲ್ಲ. ಕೇಳಿ ಇಸಿದುಕೊಳ್ಳುತ್ತಿದ್ದರು. ಕೇಳಲು ಹೋಗುವವರು ಬರಿಗೈಯಲ್ಲಿ ಹೋಗದೆ ತಮ್ಮ ಮನೆಯ ಇನ್ಯಾವುದಾದರೂ ಬೀಜವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಬೇಕು. ಬಂದು ಕೇಳಿದವರಿಗೆ, ಅವರು ಎಂಥವರೇ ಆಗಿರಲಿ, ಇಲ್ಲವೆನ್ನಬಾರದು. ಅಂದಿನಿಂದ ಆ ಬೀಜಕ್ಕೆ ಈ ಮನೆಯಲ್ಲಿ ಆ ಮನೆಯವಳ ಹೆಸರು. ಹೀಗಾಗಿ ನಮ್ಮ ಮನೆಯಲ್ಲಿ ಸಾರಿಗೆ ಏನು ಹಾಕಲಿ ಎಂದು ಕೇಳಿದರೂ ಯಾರಾದರೊಬ್ಬ ನೆಂಟರ ಸುದ್ದಿ ಬಂದೇ ಬರುತ್ತಿತ್ತು.

ನಾನು ಶ್ರೀರಂಗಪಟ್ಟಣದವಳು. ರೈಲು ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ, ಹೈವೇ ಲಾರಿಗಳ ಸದ್ದಿನಲ್ಲಿ ಬೆಳೆದವಳು. ನಾಲೆ ನೀರಿನ ನಮ್ಮ ಕಡೆಯವರಿಗೆ ನಾಗಮಂಗಲವೆಂದರೆ ಯಾವಾಗಲೂ ಒಂದು ನಗೆ. ಹುಡುಗಿಯನ್ನು ಅಲ್ಲಿಗೆ ಕೊಡುತ್ತಿದ್ದೀರಲ್ಲ, ಜೊತೆಗೆ ಒಂದು ಬಾವಿಯನ್ನೂ ಕೊಟ್ಟು ಕಳಿಸಿ ಎಂದು ಮದುವೆ ಮನೆಯಲ್ಲೇ ನಮ್ಮ ಚಿಕ್ಕಪ್ಪ ಆಡಿಕೊಂಡಿದ್ದರು. ನನಗೂ ಬಾಯಿ ಜೋರು. ಬಂದ ಹೊಸದರಲ್ಲಿ ಅತ್ತೆಯ ಈ ಮಡಕೆ ಸಂಸಾರವನ್ನು ನೋಡಿ, ಪೇಟೆಯಲ್ಲಿ ಪ್ಯಾಕೆಟ್ಟಿನಲ್ಲಿ ಸಿಗುವುದಕ್ಕೆ ಇಷ್ಟೊಂದು ಉಪಚಾರ ಯಾಕೆ ಎಂದು ಕೇಳಿದ್ದೆ. ಅತ್ತೆ ಬೇಜಾರು ಮಾಡಿಕೊಳ್ಳಲಿಲ್ಲ. ಪ್ಯಾಕೆಟ್ಟು ಕೊಟ್ಟವನು ಬೆಳೆ ಹೆಂಗಾಯಿತು ಅಂತ ಕೇಳಿಕೊಂಡು ಬರುತ್ತಾನಾ ಎಂದು ಮಾತ್ರ ಕೇಳಿದರು. ಅವರು ಬೀಜ ಕೊಟ್ಟ ಮನೆಗಳಿಗೆಲ್ಲ ಹೀಗೆ ಕೇಳಿಕೊಂಡು ಹೋಗುತ್ತಿದ್ದರು, ಅದು ನನಗೆ ಆಮೇಲೆ ತಿಳಿಯಿತು. ಹೋದ ಮನೆಯಲ್ಲಿ ಬೆಳೆಯ ಮಾತು ಅರ್ಧ ಗಳಿಗೆ, ಆ ಮನೆಯ ಸೊಸೆಯ ಬಸುರು, ಅತ್ತೆಯ ಮಂಡಿ ನೋವು, ಎಮ್ಮೆಯ ಕೆಚ್ಚಲು ಬಾವು ಇವುಗಳ ಮಾತು ಮಧ್ಯಾಹ್ನದವರೆಗೆ. ಬೀಜ ನೆಪವೋ, ಮಾತು ನೆಪವೋ ನನಗೆ ತಿಳಿಯುತ್ತಿರಲಿಲ್ಲ.

ಅಟ್ಟದ ನೆಂಟರಲ್ಲೆಲ್ಲ ಅತ್ತೆಗೆ ಪ್ರಾಣವಾಗಿದ್ದದ್ದು 'ಅವ್ವನ ಅವರೆ'. ಅವರ ತಾಯಿ ಕೊಟ್ಟು ಕಳಿಸಿದ್ದು. ಸಣ್ಣ ಕಾಳು, ಬೆನ್ನ ಮೇಲೆ ಕಂದು ಗೀರು. ರಾಗಿ ಹೊಲದಲ್ಲಿ ನಡುನಡುವೆ ಅವರೆ, ತೊಗರಿ, ಜೋಳ, ಹುಚ್ಚೆಳ್ಳು ಹಾಕುವ ಸಾಲಿಗೆ ಅಕ್ಕಡಿ ಎನ್ನುತ್ತಾರೆ. ರಾಗಿ ಕೊಯ್ದ ಮೇಲೂ ಅಕ್ಕಡಿ ಸಾಲಿನ ಈ ಅವರೆ ಹೊಲದಲ್ಲಿ ಒಂಟಿಯಾಗಿ ನಿಂತು, ಬರೀ ಇಬ್ಬನಿ ಕುಡಿದು ಕಾಯಿ ಕಟ್ಟುತ್ತಿತ್ತು. ಮಳೆ ಕೈಕೊಟ್ಟ ವರ್ಷ ಅದೊಂದೇ ಮನೆ ನಡೆಸುತ್ತಿತ್ತಂತೆ. ಅದರ ಸೊಗಡು ಹೇಳಿ ತೀರುವುದಲ್ಲ. ಧನುರ್ಮಾಸದಲ್ಲಿ ಕಾಯಿ ಬಿಡಿಸಿದ ಕೈಯನ್ನು ಸೋಪು ಹಾಕಿ ತೊಳೆದರೂ ಸಂಜೆಯವರೆಗೆ ಮೂಸುತ್ತಾ ಇರಬಹುದಿತ್ತು.

ತೊಂಬತ್ತರ ದಶಕದ ನಡುವಿನ ಒಂದು ವರ್ಷ. ನನ್ನ ಅಣ್ಣನ ಮಗುವಿನ ನಾಮಕರಣಕ್ಕೆಂದು ನಾನೂ ಅತ್ತೆಯೂ ಶ್ರೀರಂಗಪಟ್ಟಣಕ್ಕೆ ಹೋಗಿದ್ದೆವು. ಮುಂಗಾರು ಒಂದು ಹದ ಬಿದ್ದಿತ್ತು, ಇನ್ನು ಸ್ವಲ್ಪ ದಿನದಲ್ಲಿ ಬಿತ್ತನೆ. ನಾವು ಹಿಂತಿರುಗಿದಾಗ ಮಾವ ಜಗಲಿಯ ಮೇಲೆ ಬಹಳ ಖುಷಿಯಲ್ಲಿ ಕೂತಿದ್ದರು. ಎತ್ತು ನೋಡಲು ಅವರ ಸ್ನೇಹಿತರು ಬಂದಿದ್ದರಂತೆ, ಹೆಂಗಸರಿಲ್ಲದ ಮನೆಯಲ್ಲಿ ತಾವೇ ಅಡುಗೆ ಮಾಡಿ ಬಡಿಸಿದರಂತೆ. ಬಂದವರು ಬೆರಳು ನೆಕ್ಕಿಕೊಂಡು ಹೋದರಂತೆ. ಏನು ಅಡುಗೆ ಎಂದು ಅತ್ತೆ ಕೇಳಿದರು. ಮುದ್ದೆ, ಅವರೆಕಾಳು ಸಾರು ಎಂದು ಮಾವ ಹೆಮ್ಮೆಯಿಂದ ಹೇಳಿ, ಅಟ್ಟದ ಮಡಕೆಯಲ್ಲಿದ್ದ ಕಾಳನ್ನೆಲ್ಲ ಹಾಕಿಬಿಟ್ಟೆ, ಕಾಳಿಗೆ ಬೂದಿ ಮೆತ್ತಿಕೊಂಡಿತ್ತು, ತೊಳೆಯುವುದೇ ಒಂದು ಕೆಲಸವಾಯಿತು, ಮಡಕೆ ಬಾಯಿಗೆ ಸಗಣಿ ಬೇರೆ ಮೆತ್ತಿದ್ದೆಯಲ್ಲ ಎಂದರು.

ಬೂದಿ ಹಾಕಿ, ಸಗಣಿ ಮೆತ್ತಿ ಇಡುವುದು ಬಿತ್ತನೆ ಕಾಳನ್ನು. ಅಡುಗೆ ಕಾಳು ಕೆಳಗೆ ಡಬ್ಬದಲ್ಲೇ ಇತ್ತು. ಹೊಲ ಉಳುತ್ತಾ ಮುದುಕರಾದ ಮಾವನಿಗೆ ಅದು ಗೊತ್ತಿರಲಿಲ್ಲವೆಂದಲ್ಲ, ಸ್ನೇಹಿತರು ಬಂದ ಸಂಭ್ರಮದಲ್ಲಿ ಅತ್ತ ಗ್ಯಾನ ಹೋಗಿರಲಿಲ್ಲ. ಹೇಳುತ್ತಾ ಹೇಳುತ್ತಾ ಅವರಿಗೇ ಹೊಳೆದು ಮುಖ ಸಪ್ಪಗಾಯಿತು. ಅತ್ತೆ ಬಯ್ಯುತ್ತಾರೆಂದು ನಾನು ಕಾದೆ. ಅವರು ಬಯ್ಯಲಿಲ್ಲ. ಬ್ಯಾಗು ಹಿಡಿದುಕೊಂಡೇ ಅಲ್ಲಿ ಕುಸಿದು ಕೂತು, ಅವ್ವ ತೀರಿಕೊಂಡ ದಿನವೂ ನನಗೆ ಹಿಂಗೇ ಆಗಿತ್ತು ಎಂದರು. ಆಗ ನನಗೆ ಮಾವನ ಮೇಲೆ ಎಲ್ಲಿಲ್ಲದ ಸಿಟ್ಟು ಬಂದು ಒಳಗೆ ಹೋಗಿ ಪಾತ್ರೆಗಳನ್ನು ಕುಕ್ಕಿದೆ.

ಮಾರನೆಯ ದಿನವೇ ಅತ್ತೆ ನನ್ನನ್ನು ಕರೆದುಕೊಂಡು ಊರೊಳಗೆ ಹೊರಟರು. ಅವರು ಯಾವ ಬೀಜವನ್ನೂ ತಮ್ಮ ಮನೆಯೊಂದರಲ್ಲೇ ಇಟ್ಟುಕೊಂಡವರಲ್ಲ. ಒಂದು ಮನೆಯ ಅಟ್ಟಕ್ಕೆ ಏನಾದರೂ ಆದರೆ ಇನ್ನೊಂದರಲ್ಲಿ ಇರಲಿ ಎಂದು ಪ್ರತಿ ವರ್ಷ ಹಂಚುತ್ತಿದ್ದರು. ಆದರೆ ಹಿಂದಿನ ನಾಲ್ಕೈದು ವರ್ಷಗಳಲ್ಲಿ ಊರು ಬದಲಾಗಿತ್ತು. ಅವ್ವನ ಅವರೆ ಇಸಿದುಕೊಂಡಿದ್ದ ಒಂದು ಮನೆಯವರು ಬೋರು ಹಾಕಿಸಿ ಹೊಲಕ್ಕೆಲ್ಲ ಹಿಪ್ಪುನೇರಳೆ ಕಡ್ಡಿ ನೆಟ್ಟಿದ್ದರು. ಇನ್ನೊಂದು ಮನೆಯವಳು, ಅಕ್ಕಡಿ ಹಾಕಿದರೆ ಟ್ರಾಕ್ಟರು ಓಡಿಸಲು ತೊಡಕು ಎಂದು ಮಗ ಬಿಡಿಸಿದ ಎಂದಳು. ಹೇಳುವಾಗ ಅವಳು ಅತ್ತೆಯ ಕೈ ಹಿಡಿದುಕೊಂಡೇ ಇದ್ದಳು, ನಾವು ಎದ್ದು ಹೊರಟರೂ ಬಿಡಲಿಲ್ಲ.

ಉಳಿದದ್ದು ಒಂದೇ ಮನೆ, ತೊಣ್ಣೂರಿನಲ್ಲಿದ್ದ ಅತ್ತೆಯ ತಂಗಿಯದು. ಆ ಮನೆಯ ಹೆಸರು ನಮ್ಮಲ್ಲಿ ಯಾರೂ ಎತ್ತುತ್ತಿರಲಿಲ್ಲ. ತಾಯಿ ತೀರಿಹೋದಾಗ ತಂಗಿ ಇನ್ನೂ ಚಿಕ್ಕವಳು. ಅತ್ತೆಯೇ ಅವಳನ್ನು ತಂದಿಟ್ಟುಕೊಂಡು ಸಾಕಿ, ಮದುವೆ ಮಾಡಿ, ಗಂಡನ ಮನೆಗೆ ಕಳಿಸುವಾಗ ಮಡಿಲಿಗೆ ಈ ಅವರೆ ಹಾಕಿದ್ದರು. ಅದೇ ತಂಗಿ ಮುಂದೆ ತನ್ನ ಮಗಳ ಮದುವೆಗೆ ಅಕ್ಕನನ್ನು ಮನೆಗೆ ಬಂದು ಕುಂಕುಮ ಕೊಟ್ಟು ಕರೆಯಲಿಲ್ಲ. ಯಾರದೋ ಕೈಯಲ್ಲಿ ಲಗ್ನಪತ್ರಿಕೆ ಕಳಿಸಿದರು. ಮದುವೆ ಕೆಲಸದ ಗಡಿಬಿಡಿ, ಅಕ್ಕ ನಮ್ಮವಳೇ ಅಲ್ಲವೇ ಅಂದುಕೊಂಡೆ ಎಂದು ಅವರು. ನಮ್ಮವಳೇ ಆದ್ದರಿಂದ ಮೊದಲು ನನ್ನ ಮನೆಗೆ ಬರಬೇಕಿತ್ತು ಎಂದು ಇವರು. ಅತ್ತೆ ಆ ಮದುವೆಗೆ ಹೋಗಲಿಲ್ಲ. ಅಲ್ಲಿಂದ ಮಾತು ನಿಂತಿತ್ತು. ನಾನು ಈ ಮನೆಗೆ ಬರುವ ಹೊತ್ತಿಗೇ ಆ ಮೌನ ಹಳೆಯದಾಗಿತ್ತು, ನನ್ನ ಮದುವೆಯಲ್ಲೂ ತೊಣ್ಣೂರಿನವರು ಇರಲಿಲ್ಲ.

ಅತ್ತೆ ಊಟ ಸೇರದೆ ಓಡಾಡಿದರು. ಹೋಗದಿದ್ದರೆ ತಾಯಿಯ ಅವರೆ ಈ ಮನೆಯಿಂದ ಶಾಶ್ವತವಾಗಿ ಹೋದಂತೆ. ಹೋದರೆ ತಂಗಿಯ ಬಾಗಿಲಲ್ಲಿ ಕೈಚಾಚಿ ನಿಲ್ಲಬೇಕು. ಯಾರನ್ನಾದರೂ ಕಳಿಸಿ ತರಿಸೋಣ ಎಂದು ನಾನು ಹೇಳಿದೆ. ಬೀಜ ಹಂಗೆ ಬರುವುದಿಲ್ಲ, ಬಿತ್ತುವವಳೇ ಹೋಗಿ ಕೇಳಬೇಕು ಎಂದರು. ಒಂದು ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದವರೇ ಹುಚ್ಚೆಳ್ಳನ್ನು ಸೆರಗಿಗೆ ಕಟ್ಟಿಕೊಂಡು, ನೀನೂ ಬಾ ಎಂದು ನನ್ನನ್ನು ಎಬ್ಬಿಸಿದರು. ಅಷ್ಟು ದೊಡ್ಡ ಹೆಂಗಸು ಜೊತೆಗೆ ನನ್ನನ್ನು ಕರೆದದ್ದು ಭಯಕ್ಕೆ. ಅದು ಗೊತ್ತಾಗಿ ನನಗೆ ಅವರ ಮೇಲೆ ಇದ್ದ ಪ್ರೀತಿ ಇನ್ನೂ ಹೆಚ್ಚಾಯಿತು.

ಪಾಂಡವಪುರದ ಬಸ್ಸಿನಲ್ಲಿ ನಿಂತುಕೊಂಡೇ ಹೋದೆವು. ತೊಣ್ಣೂರಿನಲ್ಲಿ ಅತ್ತೆಯ ತಂಗಿ, ನನಗೆ ಚಿಕ್ಕತ್ತೆ, ಅಂಗಳ ಗುಡಿಸುತ್ತಿದ್ದರು. ನಮ್ಮನ್ನು ಕಂಡು ಪೊರಕೆ ಕೆಳಗಿಟ್ಟು ಒಳಗೆ ಹೋದರು. ಬಾಗಿಲು ಹಾಕಿಕೊಳ್ಳುತ್ತಾರೆಂದೇ ನಾನು ಅಂದುಕೊಂಡೆ. ಒಳಗಿನಿಂದ ಚಾಪೆ ತಂದು ಹಾಸಿದರು, ಅಕ್ಕನ ಮುಖ ನೋಡದೆ ನನ್ನನ್ನು ನೋಡಿ ಶುರು ಮಾಡಿದರು. ಬಸ್ಸಿನಲ್ಲಿ ಜಾಗ ಸಿಕ್ಕಿತಾ ಕೇಳು ಮಗ ನಿಮ್ಮತ್ತೆಯನ್ನು ಎಂದರು. ಸಿಗಲಿಲ್ಲ ಅಂತ ಹೇಳು ಎಂದು ಅತ್ತೆ ನನಗೆ ಹೇಳಿದರು. ಕಾಫಿ ಕುಡಿಯುತ್ತಾರಾ, ಮಜ್ಜಿಗೆ ಕುಡಿಯುತ್ತಾರಾ ಕೇಳು. ಯಾವುದಾದರೂ ಸರಿ ಅಂತ ಹೇಳು. ಇಬ್ಬರ ಮಂಡಿ ಒಂದಕ್ಕೊಂದು ತಾಗುವಷ್ಟು ಹತ್ತಿರ ಕೂತಿದ್ದರು, ನಾನು ಮಾತ್ರ ಮಧ್ಯೆ ಪೋಸ್ಟ್ ಆಫೀಸು. ಸ್ವಲ್ಪ ಹೊತ್ತಾದ ಮೇಲೆ ನನಗೆ ರೇಗಿ, ನೀವಿಬ್ಬರೂ ಮಾತಾಡಿಕೊಳ್ಳಿ, ನಾನು ಕೆರೆ ನೋಡಿ ಬರುತ್ತೇನೆ ಎಂದು ಎದ್ದೆ. ಇಬ್ಬರೂ ಒಟ್ಟಿಗೆ ನನ್ನ ಸೆರಗು ಹಿಡಿದು ಕೂರಿಸಿದರು.

ಆಗ ಅತ್ತೆ ಸೆರಗಿನ ಗಂಟು ಬಿಚ್ಚಿ ಹುಚ್ಚೆಳ್ಳನ್ನು ಮುಂದಿಟ್ಟರು. ಚಿಕ್ಕತ್ತೆ ಅದನ್ನೇ ನೋಡಿದರು. ಬೀಜ ಕೇಳಲು ಬಂದಿದ್ದಾಳೆ ಅಕ್ಕ ಎಂದು ತಿಳಿಯಲು ಇನ್ನೇನೂ ಬೇಕಿರಲಿಲ್ಲ.

"ಅವ್ವನ ಅವರೆ ಓಯ್ತು ಕಣೆ" ಎಂದರು ಅತ್ತೆ, ನೇರವಾಗಿ.

"ಎಂಗೆ ಓಯ್ತು?" ಚಿಕ್ಕತ್ತೆಯೂ ನನ್ನನ್ನು ಮರೆತಿದ್ದರು.

"ನಿಮ್ಮ ಭಾವ ಸಾರು ಮಾಡ್ಕಂಡು ಉಂಡ್ಬುಟ್ರು."

ಚಿಕ್ಕತ್ತೆ ನಗು ತಡೆಯಲು ಬಾಯಿಗೆ ಸೆರಗು ಒತ್ತಿಕೊಂಡರು. ಆಗಲಿಲ್ಲ. ನಕ್ಕರು, ಅತ್ತೆಗೂ ನಗು ಬಂತು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಕ್ಕ ತಂಗಿಯರ ನಗು ಒಂದೇ ಥರ ಇತ್ತು, ಕೊನೆಯಲ್ಲಿ ಉಸಿರು ಎಳೆದುಕೊಳ್ಳುವುದೂ ಕೂಡ. ನಾನು ಮನಸ್ಸಿನಲ್ಲೇ ಮಾವನ ಸಾರಿಗೆ ಕೈಮುಗಿದೆ.

ನಗು ನಿಂತ ಮೇಲೆ ಚಿಕ್ಕತ್ತೆಯ ಮುಖ ಬದಲಾಯಿತು. ಅವರ ಮನೆಯಲ್ಲೂ ಅವರೆ ಇರಲಿಲ್ಲ. ಕೆರೆ ಕೆಳಗಿನ ಜಮೀನು, ಕಬ್ಬು ಭತ್ತವಾದ ಮೇಲೆ ಅವರೆಗೆ ಜಾಗವಿಲ್ಲ. ಹಿತ್ತಲಲ್ಲಿ ಹಾಕಿದ್ದನ್ನು ಒಂದು ವರ್ಷ ಹುಳ ತಿಂದು ಮುಗಿಸಿತ್ತು. ಆಗಲೇ ಬಂದು ನಿನ್ನ ಹತ್ತಿರ ಕೇಳಬೇಕಿತ್ತು, ಹೊಸಿಲು ದಾಟಲು ಕಾಲು ಬರಲಿಲ್ಲ ಎಂದರು. ಅತ್ತೆ ತಲೆ ತಗ್ಗಿಸಿಕೊಂಡು ಹುಚ್ಚೆಳ್ಳನ್ನು ಬೆರಳಿನಲ್ಲಿ ಆಡಿಸುತ್ತಿದ್ದರು. ಅವರಿಬ್ಬರ ಹಟದಲ್ಲಿ ತಾಯಿಯ ಅವರೆ ಎರಡು ಕಡೆಯಿಂದಲೂ ಹೋಗಿತ್ತು. ಆಮೇಲೆ ಚಿಕ್ಕತ್ತೆ ತಡವರಿಸುತ್ತಾ, ಕಿಕ್ಕೇರಿಗೆ ಕೊಟ್ಟಿರುವ ಮಗಳ ಮಡಿಲಿಗೆ ಒಂದಷ್ಟು ಹಾಕಿದ್ದೆ, ಉಳಿಸಿಕೊಂಡಿದ್ದಾಳೋ ಇಲ್ಲವೋ ಗೊತ್ತಿಲ್ಲ ಎಂದರು. ಯಾವ ಮಗಳೆಂದು ಅತ್ತೆ ಕೇಳಲಿಲ್ಲ. ಅವರು ಹೋಗದೆ ಬಿಟ್ಟ ಮದುವೆಯ ಮಗಳು ಅವಳೇ.

ಆ ಹೊತ್ತಿನಲ್ಲೇ ಮೂವರೂ ಹೊರಟೆವು. ಪಾಂಡವಪುರಕ್ಕೆ ಬಂದು ಕೆ.ಆರ್. ಪೇಟೆ ಬಸ್ಸು, ಅಲ್ಲಿಂದ ಕಿಕ್ಕೇರಿಗೆ ಇನ್ನೊಂದು. ದಾರಿಯುದ್ದಕ್ಕೂ ಅಕ್ಕ ತಂಗಿ ಪಕ್ಕಪಕ್ಕದಲ್ಲಿ ಕೂತಿದ್ದರು. ಕೆ.ಆರ್. ಪೇಟೆಯಲ್ಲಿ ಚಿಕ್ಕತ್ತೆ ಬಾಳೆಹಣ್ಣು ಕೊಂಡು ಒಂದನ್ನು ಸಿಪ್ಪೆ ಸುಲಿದು ಅಕ್ಕನ ಕೈಗಿಟ್ಟರು. ಚಿಕ್ಕ ಮಗುವಿಗೆ ಕೊಡುವ ಹಾಗೆ ಕೊಟ್ಟರು, ಅತ್ತೆ ಮಗುವಿನ ಹಾಗೇ ತಿಂದರು.

ಕಿಕ್ಕೇರಿಯಲ್ಲಿ ಮನೆ ಮುಂದೆ ಬಂದಾಗ ಅತ್ತೆ ಒಳಗೆ ಬರಲು ಒಪ್ಪಲಿಲ್ಲ. ಮದುವೆಗೆ ಬಾರದವಳು ಯಾವ ಮುಖ ಇಟ್ಟುಕೊಂಡು ಆ ಹುಡುಗಿಯ ಹೊಸಿಲು ತುಳಿಯಲಿ, ನೀವು ಹೋಗಿ ಕೇಳಿಕೊಂಡು ಬನ್ನಿ ಎಂದು ಬೇಲಿಯ ಪಕ್ಕ ನಿಂತುಬಿಟ್ಟರು. ಬಿತ್ತುವವಳೇ ಕೇಳಬೇಕು ಅಂದವರು ನೀವೇ ಅಲ್ಲವೇ ಎಂದು ನಾನು ಗದರಿದೆ. ಸೊಸೆ ಅತ್ತೆಗೆ ಹಾಗೆ ಗದರಬಾರದು. ಆದರೆ ಅಷ್ಟು ದೂರ ಬಂದು ಬೇಲಿಯ ಹತ್ತಿರ ಸೋಲುವುದನ್ನು ನೋಡುವುದು ನನ್ನ ಕೈಲಾಗಲಿಲ್ಲ.

ಮಗಳು ಒಳಗಿನಿಂದ ನೋಡಿದ್ದಳೆಂದು ಕಾಣುತ್ತದೆ. ಚೊಂಬಿನಲ್ಲಿ ನೀರು ಹಿಡಿದು ಬೇಲಿಯವರೆಗೂ ಬಂದಳು. ಬಗ್ಗಿ ಅತ್ತೆಯ ಕಾಲಿಗೆ ತಾನೇ ನೀರು ಹಾಕಿದಳು.

"ನನ್ನ ಮದ್ವೆಗೆ ನೀವು ಬರ್ನಿಲ್ಲ ದೊಡ್ಡವ್ವ, ನಿಮ್ಮ ಅವರೆ ಬಂದಿತ್ತು. ಒಳಕ್ಕೆ ಬನ್ನಿ" ಎಂದಳು.

ಒಳಗೆ ಹೋದ ಮೇಲೆ ಅವಳು ಅಟ್ಟದಿಂದ ಒಂದು ಕುಡಿಕೆ ಇಳಿಸಿ ಸಗಣಿ ಒಡೆದು, ಬೂದಿ ಕೊಡವಿ ಕಾಳನ್ನು ಮೊರಕ್ಕೆ ಸುರಿದಳು. ಬೆನ್ನ ಮೇಲೆ ಕಂದು ಗೀರು. ಇದು ದೊಡ್ಡವ್ವನ ಅವರೆ, ಈ ಮನೆಯಲ್ಲಿ ನನ್ನ ಅತ್ತೆ ಕೂಡ ಹಾಗೇ ಅನ್ನುತ್ತಾರೆ ಎಂದಳು. ಅತ್ತೆ ಕಾಳನ್ನು ಮುಟ್ಟದೆ ತಂಗಿಯ ಕಡೆ ತಿರುಗಿದರು. ಕೊಟ್ಟವಳು ತಾಯಿಯಾದ್ದರಿಂದ ಆ ಮನೆಯಲ್ಲಿ ಅದಕ್ಕೆ ತೊಣ್ಣೂರಿನ ತಾಯಿಯ ಹೆಸರೇ ಇರಬೇಕಿತ್ತು. ಕಟ್ಟಳೆ ಹಾಗಿತ್ತು. ಚಿಕ್ಕತ್ತೆ ತನ್ನ ಹಕ್ಕು ಬಿಟ್ಟುಕೊಟ್ಟು, ಮುನಿಸಿನ ನಟ್ಟನಡುವೆ, ಮದುವೆ ಮನೆಯಿಂದ ಹೊರಡುವ ಮಗಳ ಮಡಿಲಿಗೆ ಅಕ್ಕನ ಹೆಸರು ಹೇಳಿ ಹಾಕಿದ್ದರು. ಅಂದಿನಿಂದ ಪ್ರತಿ ಬಿತ್ತನೆಗೂ, ಪ್ರತಿ ಸಲದ ಸಾರಿಗೂ, ಕಿಕ್ಕೇರಿಯ ಆ ಮನೆಯಲ್ಲಿ ಸೊಸೆಯೊಬ್ಬಳನ್ನು ಬಿಟ್ಟು ಯಾರೂ ಮುಖ ಕಂಡಿರದ ನಮ್ಮತ್ತೆಯನ್ನು ನೆನೆಯುತ್ತಿದ್ದರು.

ಇಂಥದ್ದನ್ನು ನಾನು ಪಟ್ಟಣದಲ್ಲಿ ಕಂಡಿರಲಿಲ್ಲ. ನಮ್ಮಲ್ಲಿ ನೆಂಟಸ್ತಿಕೆಯೆಂದರೆ ಹಬ್ಬಕ್ಕೆ ಬಂದರು, ಉಂಡರು, ಹೋದರು. ಜಗಳವಾದರೆ ಅಲ್ಲಿಗೆ ಮುಗಿಯಿತು, ಮತ್ತೆ ಹತ್ತಿರ ಬರಲು ದಾರಿಯೇ ಇಲ್ಲ. ಈ ಹೆಂಗಸರು ಒಬ್ಬರಿಗೊಬ್ಬರು ಬೇಕಾಗುವ ಹಾಗೆ ಬದುಕನ್ನು ಜೋಡಿಸಿಟ್ಟುಕೊಂಡಿದ್ದರು. ಮುನಿಸಿಕೊಳ್ಳುವುದನ್ನು ಯಾರೂ ತಡೆಯುತ್ತಿರಲಿಲ್ಲ, ಎಷ್ಟು ಬೇಕಾದರೂ ಮುನಿಸಿಕೊಳ್ಳಬಹುದು, ಆದರೆ ಒಂದಲ್ಲ ಒಂದು ಮುಂಗಾರಿಗೆ ಆ ಬಾಗಿಲಿಗೆ ಹೋಗಲೇಬೇಕು. ಓದು ಬರಹವಿಲ್ಲದ ಅತ್ತೆ ಇದನ್ನೆಲ್ಲ ಮಾತಿನಲ್ಲಿ ಹೇಳಿದವರಲ್ಲ. ನಾನು ಅವರ ಹಿಂದೆ ಬಸ್ಸು ಹತ್ತಿ ಇಳಿದು ಕಲಿತದ್ದು. ಕಲಿತೆ ಎನ್ನುವುದಕ್ಕಿಂತ ಬೆರಗಾದೆ ಎನ್ನಬೇಕು.

ಮೊರದಲ್ಲಿ ಇದ್ದದ್ದೇ ಸ್ವಲ್ಪ. ಮಗಳು ಅರ್ಧ ತೆಗೆದು ಅತ್ತೆಯ ಮಡಿಲಿಗೆ ಸುರಿದಳು. ಅತ್ತೆ ಅದರಲ್ಲಿ ಒಂದು ಹಿಡಿ ತೆಗೆದು ತಂಗಿಯ ಸೆರಗಿಗೆ ಹಾಕಿ, ಹಿತ್ತಲಲ್ಲಾದರೂ ಹಾಕು, ಹುಳ ಬಿದ್ದರೆ ನನಗೆ ಹೇಳು ಎಂದರು. ಮಗಳು ಹೋಳಿಗೆ ಮಾಡುತ್ತೇನೆಂದು ಒಲೆ ಹಚ್ಚಲು ಹೋದಾಗ ಮೂವರೂ ಬೇಡವೆಂದು ಕೂಗಿ, ಆಮೇಲೆ ಚೆನ್ನಾಗಿ ಉಂಡೇ ಹೊರಟೆವು.

ಬಿತ್ತನೆಯ ದಿನ ಮೋಡ ಮುಚ್ಚಿಕೊಂಡಿತ್ತು, ತುಂತುರು ಹನಿಯುತ್ತಿತ್ತು. ಮಾವ ಎತ್ತು ಹೂಡಿ ಕೂರಿಗೆಗೆ ಪೂಜೆ ಮಾಡುವ ಹೊತ್ತಿಗೆ ಚಿಕ್ಕತ್ತೆ ಹೊಲದ ಬದುವಿನ ಮೇಲೆ ಬರುತ್ತಿದ್ದರು. ಯಾರೂ ಕರೆದಿರಲಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಬಂದಿದ್ದರು. ಅತ್ತೆ ಒಂದು ಸಡ್ಡೆಯನ್ನು ತಂಗಿಯ ಕೈಗೆ ಕೊಟ್ಟರು. ಕೂರಿಗೆ ರಾಗಿ ಬಿತ್ತುತ್ತಾ ಮುಂದೆ ಹೋದಂತೆ, ಅದರ ಹಿಂದೆ ಹಗ್ಗದಲ್ಲಿ ಕಟ್ಟಿದ ಈ ಬಿದಿರ ಕೊಳವೆಯನ್ನು ಹಿಡಿದು, ಅದರೊಳಕ್ಕೆ ಅಕ್ಕಡಿ ಕಾಳು ಬಿಡುತ್ತಾ ಹೆಂಗಸರು ನಡೆಯಬೇಕು. ನಿಲ್ಲುವ ಹಾಗಿಲ್ಲ, ನಿಂತರೆ ಸಾಲು ತಪ್ಪುತ್ತದೆ. ಮಾವ ಎತ್ತುಗಳನ್ನು ಹೊಡೆದುಕೊಂಡು ಹೋದರು. ಇಬ್ಬರೂ ಎರಡು ಸಡ್ಡೆ ಹಿಡಿದು ಪಕ್ಕಪಕ್ಕದಲ್ಲಿ ನಡೆದರು. ನಾನು ಕಾಳಿನ ಪುಟ್ಟಿ ಹೊತ್ತು ಹಿಂದೆ ಇದ್ದೆ.

ಹೊಲದ ನಡುವೆ ಬಂದಾಗ ಚಿಕ್ಕತ್ತೆ ಮಾತಾಡಿದರು. ಮೆಲ್ಲಗೆ ಹೇಳಿದ್ದು, ನನಗೂ ಕೇಳಿಸಿತು.

"ನಾ ಸತ್ರೂವೆ ಅಕ್ಕಂಗೆ ಯೋಳಿ ಕಳಿಸ್ಬ್ಯಾಡಿ ಅಂತ ಮಕ್ಳಿಗೆ ಯೋಳಿದ್ದೆ ಕಣಕ್ಕ."

ನನ್ನ ಕಾಲು ಅಲ್ಲೇ ನಿಂತಿತು. ಅತ್ತೆ ನಿಲ್ಲಲಿಲ್ಲ. ಬಗ್ಗಿಕೊಂಡು ಕಾಳು ಬಿಡುತ್ತಲೇ ಸ್ವಲ್ಪ ದೂರ ನಡೆದರು.

"ನಾನೂವೆ ಯೋಳಿದ್ದೆ" ಎಂದರು.

ಮಾವ ಮುಂದೆ ಹೋಯ್ ಹೋಯ್ ಎನ್ನುತ್ತಾ ಎತ್ತು ನಡೆಸುತ್ತಿದ್ದರು, ಅವರಿಗೆ ಇದೊಂದೂ ಕೇಳಿಸಿರಲಿಲ್ಲ. ಚಿಕ್ಕತ್ತೆಗೆ ಅಳು ಒತ್ತರಿಸಿ ಬಂತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ, ಒಂದರಲ್ಲಿ ಸಡ್ಡೆ, ಇನ್ನೊಂದರಲ್ಲಿ ಅವರೆ. ಅತ್ತೆಯದೂ ಅದೇ ಪಾಡು. ಇಬ್ಬರೂ ಹಾಗೇ ಅಳುತ್ತಾ, ಕಾಳು ಬಿಡುತ್ತಾ, ಹೊಲದ ಆ ಕೊನೆಯವರೆಗೆ ಬಿತ್ತಿಕೊಂಡು ಹೋದರು.